ಹೆಬ್ಬಾಗಿಲ ಮೇಲಿನ ಎಂಟು ಫೋಟೋಗಳು

ಪ್ರೀತಿಯ ಮಾವ,

ಕಚೇರಿಯ ಪತ್ರ ನಾಳೆ ನಿನ್ನ ಕೈಸೇರುತ್ತದೆ. ಅದಕ್ಕೂ ಮೊದಲು ನನ್ನದು ಸೇರಲಿ ಎಂದು ಅತ್ತೆಯ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಅತ್ತೆ ದಾರಿಯಲ್ಲಿ ಒಡೆದು ಓದುತ್ತಾಳೇನೋ ಎಂಬ ಅನುಮಾನವೂ ಇದೆ. ಈ ಒಂದು ವಾರದಿಂದ ನನಗೆ ಯಾರ ಮೇಲೆ ಅನುಮಾನ ಬಂದಿಲ್ಲ ಹೇಳು.

ಹಳೆಯ ಗ್ರಂಥಾಲಯದ ಮೇಲೆ ಡ್ರೋನ್ ಹಾರಿಸಿ, ಬಂದ ಫೋಟೋಗಳಲ್ಲಿ ಬಿರುಕು, ತೇವ, ಸಡಿಲವಾದ ಕಲ್ಲುಗಳನ್ನು ಗುರುತಿಸಿ ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ನೀನು. ಅಥವಾ ಹಾಗೆ ತೋರಿಸಿಕೊಂಡವನು. ಅಲ್ಲಿನ ಹೆಬ್ಬಾಗಿಲ ಮೇಲಿನ ಕಲ್ಲಿನ ಸಾಲನ್ನು ಹನ್ನೊಂದು ವರ್ಷದ ಹಿಂದೆ ದುರಸ್ತಿ ಮಾಡಿದ್ದು ನೀನೇ. ಆ ಕೆಲಸದಿಂದಲೇ ನಿನಗೆ ಹೆಸರು ಬಂದದ್ದು. ನನಗೆ ಈ ವೃತ್ತಿಯ ಹುಚ್ಚು ಹತ್ತಿದ್ದೂ ಆಗಲೇ.

ಹಾರಾಟದ ದಿನ ನೀನು ಫ್ಲಾಸ್ಕಿನಲ್ಲಿ ಚಹಾ ತಂದೆ. ನನಗೂ ಡ್ರೋನ್ ಹಾರಿಸುವವನಿಗೂ ಬಗ್ಗಿಸಿ ಕೊಟ್ಟು, ಮೇಲಿಂದ ತೆಗೆದರೆ ಎಷ್ಟು ಸಣ್ಣದು ಕಾಣುತ್ತೆ ಎಂದು ಕೇಳಿದೆ. ಸೊಳ್ಳೆ ಕೂತರೂ ಕಾಣುತ್ತೆ ಎಂದು ನಾನು ಜಂಬ ಕೊಚ್ಚಿಕೊಂಡೆ. ನೀನು ನಗಲಿಲ್ಲ. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಹೇಳಿದೆ: "ಬಾಗಿಲ ಮೇಲಿನ ಆ ಮೂಲೇಲಿ ಪಾರಿವಾಳ ಮೊಟ್ಟೆ ಇಟ್ಟಿದೆ ಕಣೇ. ಅಲ್ಲಿಗೆ ಮಾತ್ರ ಹೋಗಬೇಡ."

ಗೂಡಿದ್ದ ಕಡೆಯಿಂದ ದೂರ ಸರಿಯುವುದು ನಮ್ಮ ಕೆಲಸದಲ್ಲಿ ರೂಢಿ. ನೀನು ಹೇಳಿದ್ದರಿಂದ ಕತ್ತೆತ್ತಿ ನೋಡುವ ಗೋಜಿಗೂ ಹೋಗದೆ ಹಾರಾಟದ ದಾರಿಯಿಂದ ಆ ಮೂಲೆಯನ್ನು ಕೈಬಿಟ್ಟೆ. ಆರುನೂರು ಫೋಟೋಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿದಾಗ ಕಟ್ಟಡ ಇಡೀ ಬಂತು, ಹೆಬ್ಬಾಗಿಲ ಮೇಲೊಂದು ಕಪ್ಪು ತೂತು ಬಿಟ್ಟು. ಎಂಟು ಫೋಟೋ ಕಡಿಮೆ. ಹಾರಿಸುವವನು ಪರದೆ ನೋಡುತ್ತಾ, "ನಾನು ಸುತ್ತ ಎಲ್ಲಾ ಹಾರಿಸಿದೆ, ಒಂದು ಪಾರಿವಾಳಾನೂ ಏಳಲಿಲ್ಲವಲ್ಲ" ಎಂದ.

ಆಮೇಲೆ ನನ್ನ ತಲೆಗೆ ಹುಳ ಬಿತ್ತು. ನೀನು ಫೋನಿನಲ್ಲಿ ಊಟ ಆಯಿತಾ ಎಂದರೂ ಅದರ ಹಿಂದೆ ಬೇರೇನೋ ಪ್ರಶ್ನೆ ಇದೆ ಅನ್ನಿಸತೊಡಗಿತು. ವರದಿ ಮುಗೀತಾ ಎಂದು ಅತ್ತೆ ಎರಡು ಸಲ ಕೇಳಿದಳು. ಅತ್ತೆ ಯಾವತ್ತು ನನ್ನ ವರದಿಯ ಬಗ್ಗೆ ಕೇಳಿದ್ದಳು? ನಿನ್ನ ಹಳೆಯ ಕೆಲಸದ ಪಟಗಳನ್ನು ತೆಗೆದು ದಿನಾಂಕ ನೋಡಿದೆ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವನ ಬೆನ್ನ ಹಿಂದೆ ಪತ್ತೇದಾರಿಕೆ ಮಾಡಿದೆ. ನಾಚಿಕೆಯಾಯಿತು, ಆದರೂ ಬಿಡಲಿಲ್ಲ.

ಮೂರನೆಯ ದಿನ ಸಂಜೆ ನಿನಗೆ ಹೇಳದೆ ಮತ್ತೆ ಹೋದೆ. ಗೂಡಿರಲಿಲ್ಲ. ಮಾಮೂಲಿ ಫೋಟೋದಲ್ಲಿ ಎಲ್ಲ ಚೆನ್ನಾಗಿಯೇ ಕಂಡಿತು. ಶಾಖ ಹಿಡಿಯುವ ಕ್ಯಾಮೆರಾದಲ್ಲಿ ನೋಡಿದರೆ, ಬಿಸಿಲು ಇಳಿದು ಸುತ್ತಲಿನ ಕಲ್ಲೆಲ್ಲ ತಣ್ಣಗಾದರೂ ಒಂದು ತುಂಡು ಮಾತ್ರ ಬಿಸಿ ಬಿಟ್ಟುಕೊಟ್ಟಿರಲಿಲ್ಲ. ಅದು ಕಲ್ಲೂ ಅಲ್ಲ, ಸುಣ್ಣದ ಗಾರೆಯೂ ಅಲ್ಲ. ಕಲ್ಲಿನ ಬಣ್ಣ ಬಳಿದ ಸಿಮೆಂಟು. ಹತ್ತಿರ ಹೋಗಿ ನೋಡಿದರೆ ಅದರ ಕೆಳಅಂಚಿನ ನೆರಳಿನಲ್ಲಿ ಬೆರಳು ತೂರುವಷ್ಟು ಬಿರುಕು.

ಹಳೇ ಕಲ್ಲಿಗೆ ಸಿಮೆಂಟು ಮೆತ್ತಿದರೆ ನೀರು ಹೊರಗೆ ಹೋಗೋಕೆ ದಾರಿ ಇಲ್ಲದೆ ಕಲ್ಲು ಒಳಗೇ ಕೊಳೆಯುತ್ತೆ ಎಂದು ನನಗೆ ಕಲಿಸಿದವನು ನೀನು. ಸಿಮೆಂಟು ಹಚ್ಚಿದ ಒಬ್ಬ ಮೇಸ್ತ್ರಿಯನ್ನು ನನ್ನೆದುರಿಗೇ ಕೆಲಸದಿಂದ ಬಿಡಿಸಿದವನೂ ನೀನೇ. ಹಾಗಾದರೆ ಇದು ಹೇಗಾಯಿತು ಮಾವ? ಪಟಗಳ ದಿನಾಂಕ ನೋಡಿದರೆ, ದುರಸ್ತಿಯಾದ ಗ್ರಂಥಾಲಯದ ಉದ್ಘಾಟನೆಗೆ ನಾಲ್ಕೇ ದಿನ ಉಳಿದಿತ್ತು ಎಂದೋ, ಸುಣ್ಣ ಒಣಗಲು ವಾರಗಟ್ಟಲೆ ಬೇಕು ಎಂದೋ? ನಾನೇ ನಿನ್ನ ಪರವಾಗಿ ಕಾರಣ ಹುಡುಕುತ್ತಿದ್ದೇನೆ. ಅವಸರಕ್ಕೆ ಬಿದ್ದು ಮಾಡಿದ್ದನ್ನು ಕ್ಷಮಿಸಬಲ್ಲೆ. ಆದರೆ ಆ ಬಾಗಿಲ ಕೆಳಗಿನ ಮೆಟ್ಟಿಲ ಮೇಲೆ ದಿನವೂ ನೆರಳಿಗೆಂದು ಮಕ್ಕಳು ಪುಸ್ತಕ ಹಿಡಿದು ಕೂರುವುದನ್ನು ಹನ್ನೊಂದು ವರ್ಷ ನೋಡಿಯೂ ನೀನು ಸುಮ್ಮನಿದ್ದೆ. ಕೊನೆಗೆ ನನ್ನ ಕಣ್ಣಿಗೇ ಮಣ್ಣೆರಚಿದೆ. ಅದು ನನಗೆ ಬಹಳ ನೋವು ಕೊಟ್ಟಿದೆ.

ಇವತ್ತು ಮಧ್ಯಾಹ್ನ ವರದಿ ಕೊಟ್ಟೆ. ಹಿಂದಿನ ದುರಸ್ತಿ ಮಾಡಿದವರು ಯಾರು ಎಂಬಲ್ಲಿ ನಿನ್ನ ಹೆಸರು ಬರೆದೆ. ಅವರು ನಿಮಗೆ ಸಂಬಂಧಿಯೇ ಎಂಬಲ್ಲಿ ಹೌದು ಎಂದು ಬರೆದೆ. ಹೆಬ್ಬಾಗಿಲನ್ನು ಆಗಲೇ ಮುಚ್ಚಿಸಿದ್ದೇನೆ. ಇನ್ನು ಮುಂದೆ ಯಾರೂ ನಿನಗೆ ಕೆಲಸ ಕೊಡಲಿಕ್ಕಿಲ್ಲ. ಗೊತ್ತಿದ್ದೇ ಬರೆದೆ.

ನಾಡಿದ್ದು ಬೆಳಗ್ಗೆ ಹತ್ತಕ್ಕೆ ಆ ಸಿಮೆಂಟು ಬಿಡಿಸುತ್ತಾರೆ. ಒಳಗೆ ಎಷ್ಟು ಕಲ್ಲು ಉಳಿದಿದೆ ಎಂದು ನನ್ನ ಯಾವ ಕ್ಯಾಮೆರಾವೂ ಹೇಳಲಾರದು; ತಟ್ಟಿ ಸದ್ದು ಕೇಳಿ ಹೇಳುವ ಕೈ ಈ ಊರಿನಲ್ಲಿ ನಿನ್ನದೊಂದೇ. ನೀನು ಬರಲೇಬೇಕು. ಎಲ್ಲರೆದುರು ತಟ್ಟಿ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಬರುವಾಗ ಕರಣಿ, ಉಳಿ ಏನನ್ನೂ ತರಬೇಡ, ನಾನು ಕೊಡುತ್ತೇನೆ. ಏಣಿಯ ಮೇಲೆ ನಿನ್ನ ಪಕ್ಕದಲ್ಲೇ ನಿಂತಿರುತ್ತೇನೆ. ನಿನಗೆ ವಯಸ್ಸಾಯಿತೆಂದು ಅಲ್ಲ ಮಾವ. ಆ ಕಲ್ಲಿನ ಹತ್ತಿರ ನಿನ್ನೊಬ್ಬನನ್ನೇ ಬಿಡಲು ನನಗೆ ಧೈರ್ಯವಿಲ್ಲ.

ದೇವರು ನಿನ್ನ ಕೈಗಳನ್ನು ಗಟ್ಟಿಯಾಗಿಟ್ಟಿರಲಿ.

ಇಂತಿ,
ನೀನು ಸಾಕಿದ ತಂಗಿಯ ಮಗಳು