ಹಕ್ಕಿಯ ಕೌದಿ

ಅಕ್ಕಾ,

ನಿನ್ನೆ ನೀನು ಪ್ರದರ್ಶನಕ್ಕೆ ಬಂದದ್ದು ಸಂತೋಷ. ನಾನು ಹೊಲಿದ ಕೌದಿಯ ಮುಂದೆ ನಿಂತು ನೀನು ಎಲ್ಲರಿಗೂ, "ಬಟ್ಟೆಯೆಲ್ಲಾ ನಂದೇ. ಪಾಪ, ಚಿಕ್ಕಂದಿನಿಂದ ಇವಳಿಗೆ ನಾನೇ ಕೊಡ್ತಾ ಬಂದಿದೀನಿ" ಅಂದೆ. ಸುಳ್ಳೇನಲ್ಲ. ನನ್ನ ಮದುವೆಯ ದಿನವೂ ಅಮ್ಮ ನನಗೆ ಉಡಿಸಿದ್ದು ನಿನ್ನ ಮದುವೆಯ ಸೀರೆಯನ್ನೇ, ರವಿಕೆಯನ್ನು ಬಿಗಿ ಮಾಡಿ.

ಸಿಟ್ಟು ತಡೆಯಲಾರದೆ ಅದನ್ನು ಕತ್ತರಿಸಿ ಹಾಕಿದ ದಿನ, ನೆಲಕ್ಕೆ ಬಿದ್ದ ತುಂಡುಗಳಲ್ಲಿ ಒಂದು ಹಕ್ಕಿ ಕಂಡಿತು. ಕತ್ತರಿ ಕೆಳಗಿಟ್ಟು ಸೂಜಿ ಹಿಡಿದೆ, ಆ ಹಕ್ಕಿಯನ್ನೇ ಈ ಕೌದಿಯಲ್ಲಿ ಹೊಲಿದೆ. ನನ್ನದು ಅನ್ನುವಂಥದ್ದೊಂದು ಮೊದಲ ಸಲ ಕೈಗೆ ಬಂತು. ನಿನ್ನೆ ಅದನ್ನೂ ನೀನು ವಾಪಸು ತೆಗೆದುಕೊಂಡೆ.

ನನಗೆಂದು ನೀನು ಕಟ್ಟಿಟ್ಟಿರುವ ಹಳೆ ಬಟ್ಟೆಯ ಗಂಟನ್ನು ದಯವಿಟ್ಟು ಬೇರೆ ಯಾರಿಗಾದರೂ ಕೊಡು. ಇನ್ನು ಮೇಲೆ ರಸ್ತೆಯಲ್ಲಿ ಹಳೆ ಬಟ್ಟೆ ಮಾರುವವಳ ಹತ್ತಿರ ಆರಿಸಿಕೊಳ್ಳುತ್ತೇನೆ. ಅವು ಯಾರವೆಂದು ಅವಳಿಗೂ ಗೊತ್ತಿಲ್ಲ.

ಇಂತಿ,
ನಿನ್ನ ತಂಗಿ