ಬೋರಲು ಹಾಕಿದ ಲೋಟ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಮಸ್ಕಾರ. ನಿನ್ನ ಸನ್ಮಾನ ಸಭೆಗೆ ‘ತಂಗಿಯ ನಾಲ್ಕು ಮಾತು’ ಬರೆದುಕೊಡು ಎಂದು ನೀನು ಕೇಳಿ ತಿಂಗಳಾಯಿತು. ತಡವಾಯಿತು, ಕ್ಷಮಿಸು. ಇಗೋ, ಓದಿ ನೋಡು:

“ವೇದಿಕೆಯ ಮೇಲಿನ ಮಾನ್ಯರೇ, ಮುಂದಿನ ಸಾಲಿನ ಗಣ್ಯರೇ, ಹಿಂದಿನ ಸಾಲಿನಲ್ಲಿ ತಿಂಡಿಗೆ ಕಾದಿರುವ ಧನ್ಯರೇ, ನಮ್ಮ ಅಕ್ಕ ಇಪ್ಪತ್ತು ವರ್ಷದಿಂದ ಒಂದು ಕೈಯಲ್ಲಿ ಕೋಟೆ, ಇನ್ನೊಂದು ಕೈಯಲ್ಲಿ ಲೋಟ ಹಿಡಿದು ಬರೆದವಳು. ಕಾದಂಬರಿಯಲ್ಲಿ ರಾಜರ ಕಾಳಗ, ವಾರದ ಅಂಕಣದಲ್ಲಿ ಅಪ್ಪನ ಗೊರಕೆ. ಮೊದಲನೆಯದರಿಂದ ಅವಳಿಗೆ ಬಹುಮಾನ, ಎರಡನೆಯದರಿಂದ ಅಪ್ಪನಿಗೆ ಬಿಗುಮಾನ.

ಅದನ್ನು ನೋಡಿ ಅಮ್ಮ ಕಾನೂನು ತಂದಳು. ಮನೆಯವರ ಬಗ್ಗೆ ಬರೆದದ್ದನ್ನು ಅಚ್ಚಿಗೆ ಕಳಿಸುವ ಮೊದಲು ಊಟದ ಮೇಜಿನಲ್ಲಿ ಓದಬೇಕು. ಯಾರಾದರೂ ಲೋಟ ಬೋರಲು ಹಾಕಿದರೆ ಆ ಸಾಲು ಹೊರಗೆ. ಕಾರಣ ಕೇಳುವಂತಿಲ್ಲ. ಬೋಳುತಲೆಯ ಸಾಲು ಬಂದಾಗ ಅಪ್ಪ ಲೋಟ ಬೋರಲು ಹಾಕಿ, ‘ನಿಮ್ಮಮ್ಮನ ಗೊರಕೆ ಬರಿ, ಅದ್ರಲ್ಲಿ ರಾಗ ಇದೆ’ ಅಂದರು. ಅಮ್ಮನ ಲೋಟವೂ ಬೋರಲಾಯಿತು.

ಕಾದಂಬರಿಗಳಿಗೆ ಮಾತ್ರ ವಿನಾಯಿತಿ. ಸತ್ತ ರಾಜರು ಲೋಟ ಮುಟ್ಟಲಾರರು...”

ಇಲ್ಲಿಗೆ ಬರೆದು ನಿಲ್ಲಿಸಿದ್ದೆ, ಅಕ್ಕಾ. ಅಷ್ಟರಲ್ಲಿ ನಿನ್ನ ಹೊಸ ಕಾದಂಬರಿ ಬಂತು. ಅಪ್ಪ ಊಟ ತಿಂಡಿ ಮರೆತು ಓದಿದರು.

“ತಾಯಿ ಸತ್ತ ಗಳಿಗೇಲಿ ಈ ರಾಣಿ ಬಾಗಿಲ ಮರೇಲಿ ನಿಂತು ತಣ್ಣನೆ ಅನ್ನ ತಿಂತಾಳಲ್ಲೇ. ‘ಸದ್ಯ, ಮುಗೀತು’ ಅಂತಾಳೆ. ನಿಮ್ಮಕ್ಕಂಗೆ ಇದೆಲ್ಲ ಹೆಂಗೆ ಹೊಳೆಯುತ್ತೋ” ಅಂದರು.

ನಾನು ಕಣ್ಣು ತಗ್ಗಿಸಿದೆ. ಅವರು ನನ್ನ ಮುಖ ನೋಡಿದರು. ನೋಡುತ್ತಲೇ ಪುಸ್ತಕ ಮುಚ್ಚಿದರು.

ಹಾಸಿಗೆ ಹಿಡಿದಿದ್ದ ಅಮ್ಮನನ್ನು ವರ್ಷಗಟ್ಟಲೆ ಎತ್ತಿ ಕೂರಿಸಿದವಳು ನಾನು. ಅವಳು ತೀರಿಕೊಂಡ ವಾರ ನಿನ್ನ ಹೆಗಲಿಗೆ ಒರಗಿ, ನಾನು ತಿಂದ ಆ ಅನ್ನದ, ಆಡಿದ ಆ ಮಾತಿನ ವಿಷಯ ಹೇಳಿದ್ದೆ. “ನನ್ನಲ್ಲೇ ಇರುತ್ತೆ ಕಣೇ” ಅಂದಿದ್ದೆ ನೀನು. ಐನೂರು ವರ್ಷ ಹಿಂದಕ್ಕೆ ಅಟ್ಟಿದರೆ ಗುರುತು ಸಿಗುವುದಿಲ್ಲ ಅಂದುಕೊಂಡೆಯಾ? ನನಗೆ ಕಿರೀಟ ತೊಡಿಸಿದೆ, ಪಟ್ಟೆ ಸೀರೆ ಉಡಿಸಿದೆ; ಮಾತು ಮಾತ್ರ ಒಂದಕ್ಷರ ಬದಲಿಸಲಿಲ್ಲ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿನ್ನ ಸಭೆ ಚೆನ್ನಾಗಿ ನಡೆಯಲಿ.

ನಿನ್ನ ತಂಗಿ

ತಾ.ಕ.: ತಮಾಷೆ ಸಾಕು, ಅಕ್ಕಾ. ಈ ಭಾಷಣ ನನ್ನಿಂದ ಮುಗಿಯುವುದಿಲ್ಲ. ಅಪ್ಪ ಜಗಳವಾಡಿಲ್ಲ, ಬೈದಿಲ್ಲ. ಊಟಕ್ಕೆ ಕೂತಾಗ ನಾನು ನೀರು ಹಾಕಲು ಹತ್ತಿರ ಹೋದರೆ ಸುಮ್ಮನೆ ಲೋಟ ಬೋರಲು ಹಾಕುತ್ತಾರೆ. ನಾನು ಕಾರಣ ಕೇಳುವಂತಿಲ್ಲ.