ಅತ್ತೆ ಕಲಿಸದ ಮಂತ್ರ

ಕಂದಲಗಾಂವ, ೧೯೩೪

ಅತ್ತೆಯವರಿಗೆ ಸೊಸೆ ನೀಲಾಬಾಯಿಯ ಶರಣು.

ಊರಿಗೆ ಹಿಟ್ಟಿನ ಗಿರಣಿ ಬಂತು. ನಿಮ್ಮ ಮಂತ್ರಕ್ಕೆ ಮನೆಮನೆಯ ಬೀಸುಕಲ್ಲು ತಾನೇ ತಿರುಗುತ್ತಿದ್ದಾಗ ಗಿರಣಿ ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ನಿಮಗೆ ಜ್ವರ ಬಂದು ಕಲ್ಲುಗಳು ನಿಂತಾಗ, ಕೈಯಿಂದ ಬೀಸುವುದನ್ನೇ ಮರೆತಿದ್ದ ಊರು ಉಪವಾಸ ಮಲಗಿತು. ನನಗಾದರೂ ಮಂತ್ರ ಕಲಿಸಿರೆಂದು ಕಾಲು ಹಿಡಿದೆ.

“ಇಲ್ಲವ್ವ. ನಾಳೆ ನೀ ಮಲಗಿದ್ರ ಮತ್ತ ಇದೇ ಗತಿ. ಬ್ಯಾರೆ ಹಾದಿ ಹುಡುಕ್ರಿ,” ಎಂದವರು ಮಂತ್ರ ಹೇಳುವುದನ್ನೇ ಬಿಟ್ಟು ಅಕ್ಕಲಕೋಟದ ಮಗಳ ಮನೆಗೆ ಹೋದಿರಿ.

ವರ್ಷವಿಡೀ ಬೀಸುತ್ತ ನಿಮ್ಮನ್ನು ಬೈದೆವು, ನಾನೇ ಹೆಚ್ಚು. ಆ ಸಿಟ್ಟಿನಲ್ಲೇ ಹೆಂಗಸರೆಲ್ಲ ಗಂಡಸರ ಬೆನ್ನು ಹತ್ತಿ ಗಿರಣಿಯ ಇಂಜಿನ್ ತರಿಸಿದೆವು. ನಿಮ್ಮ ಉಪಕಾರ ಈಗ ತಿಳಿಯಿತು.

ಗಿರಣಿ ಹಿಟ್ಟಿನ ರೊಟ್ಟಿ ಉಣ್ಣಲು ಬನ್ನಿ. ಆದರೆ ಇಂಜಿನ್ ನಡುವೆಯೇ ಕೆಟ್ಟು ನಿಂತರೆ ದಯವಿಟ್ಟು ಮಂತ್ರ ಹೇಳಬೇಡಿ. ಇಂಜಿನ್ ಬಿಚ್ಚಿ ಸರಿಪಡಿಸುವುದನ್ನು ನಾನು ಕಲಿಯುತ್ತಿದ್ದೇನೆ.

ನಿಮ್ಮ
ನೀಲಾ